ಕೂಡಿಸಬಾರದಿದ್ದ ಪಾಯಿಂಟ್ ನಾಲ್ಕು

"ಇದನ್ನ ತೊಳೀದೆ ಕಳಿಸಿದ್ದು ಯಾರು?"

ದೊಡ್ಡಮ್ಮ ಕೇಳಿದ್ದು ಎಂದಿನ ಗದರಿಕೆಯ ದನಿಯಲ್ಲೇ. ಆದರೆ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಮೂವತ್ತೊಂದು ವರ್ಷದಿಂದ ಕಾದ ಗಾಜು ಹಿಡಿಯುತ್ತ ಬಂದವರು ಅವರು.

ಮೂಲೆಯ ಸ್ಟೂಲಿನ ಮೇಲೆ ಮುದುಡಿ ಕುಳಿತಿದ್ದ ತಂಗಿಯ ಮಗಳು ತಲೆಯೆತ್ತಿದಳು. ಬೆಳಗ್ಗೆಯಷ್ಟೇ ಅವಳ ಗುರುತಿನ ಚೀಟಿ ಕಿತ್ತುಕೊಂಡಿದ್ದರು. ಕತ್ತಿನಲ್ಲಿ ಬರೀ ದಾರ ನೇತಾಡುತ್ತಿತ್ತು. ಆಮ್ಲಕ್ಕೆ ಹನಿ ಹನಿಯಾಗಿ ಕ್ಷಾರ ಬಿಟ್ಟು ಅಳೆಯುವುದೇ ಅವಳ ಕೆಲಸ, ಹಾಗಾಗಿ ಇಡೀ ಸಂಸ್ಥೆಯಲ್ಲಿ ಅವಳ ಹೆಸರು ಹನಿ.

"ನಾನೇ ದೊಡ್ಡಮ್ಮ. ಬೈಬೇಡಿ. ಅವತ್ತು ದೊಡ್ಡ ಮೇಡಂ ಅರ್ಜೆಂಟಾಗಿ ಕೂಗಿದ್ರು, ಹಾಗೇ ಕಳಿಸಿಬಿಟ್ಟೆ."

"ಬೈಯೋದಾ? ನಿನ್ನ ಸೋಮಾರಿತನಕ್ಕೆ ಕೈ ಮುಗೀಬೇಕು ಕಣೇ. ಬಾ ಇಲ್ಲಿ."

ಸಂಸ್ಥೆಯ ಗಾಜಿನ ಕಾರ್ಯಾಗಾರ ದೊಡ್ಡಮ್ಮನದು. ಕೊಳವೆ ಊದುವುದು, ಮೂತಿ ಕೂರಿಸುವುದು, ಸೀಳು ಬಿಟ್ಟದ್ದನ್ನು ಕೂಡಿಸುವುದು ಎಲ್ಲ ಅವರೇ. ಹನಿ ದೊಡ್ಡಮ್ಮ ಎಂದು ಕರೆದದ್ದನ್ನು ಕೇಳಿ ಕೇಳಿ, ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ದೊಡ್ಡಮ್ಮನೇ ಆಗಿಬಿಟ್ಟಿದ್ದರು. ಅವರದೊಂದು ಕಟ್ಟಳೆಯಿತ್ತು. ರಿಪೇರಿಗೆ ಬರುವ ಪಾತ್ರೆ ತೊಳೆದು ಬರಬೇಕು. ಒಳಗೆ ಆಮ್ಲ ಉಳಿದಿದ್ದರೆ, ಉರಿಗೆ ಹಿಡಿದಾಗ ಹೊಗೆ ಬರುವುದು ಕಳಿಸಿದವರ ಮೂಗಿಗಲ್ಲ, ದೊಡ್ಡಮ್ಮನ ಮೂಗಿಗೆ. ತೊಳೆಯದೆ ಬಂದದ್ದನ್ನೆಲ್ಲ ಕಿಟಕಿಯ ಕೆಳಗಿನ ಹಲಗೆಗೆ ತಳ್ಳುತ್ತಿದ್ದರು. ಕಳಿಸಿದವರೇ ಬಂದು, ಬೈಸಿಕೊಂಡು, ತೊಳೆದು ಕೊಡುವವರೆಗೆ ಬಿಡುಗಡೆಯಿಲ್ಲ. ಆ ಹಲಗೆಗೆ ಎಲ್ಲರೂ ಜೈಲು ಎನ್ನುತ್ತಿದ್ದರು.

ಹದಿನೇಳು ದಿನದಿಂದ ಜೈಲಿನಲ್ಲಿದ್ದ ಈ ಪಾತ್ರೆಯನ್ನು ಅವರು ಹೊರಗೆ ತೆಗೆದದ್ದು ಈಗಷ್ಟೇ, ಕೋಪ ತಡೆಯಲಾಗದೆ ಏನಾದರೂ ಒಂದು ಕೆಲಸ ಮಾಡೋಣ ಎಂದು.

ಜೋಡು ಗೋಡೆಯ ಪಾತ್ರೆ ಅದು. ಒಳಗೆ ಆಮ್ಲ, ಎರಡು ಗೋಡೆಗಳ ನಡುವೆ ಒಂದೇ ಬಿಸಿಯಲ್ಲಿ ಸುತ್ತುವ ನೀರು. ಪಕ್ಕದ ಮೂತಿ ಮುರಿದಿತ್ತು. ಹೊಟ್ಟೆಯ ಮೇಲೆ, ದೊಡ್ಡಮ್ಮ ತಾವು ಮಾಡಿದ ಎಲ್ಲ ಪಾತ್ರೆಗಳಿಗೂ ಮರಳು ಉಜ್ಜಿ ಮಾಡಿಕೊಡುವ ಒಂದು ಮಸುಕು ಚೌಕ. ಅದರ ಮೇಲೆ ಸೀಸದ ಕಡ್ಡಿಯಲ್ಲಿ ಬರೆದರೆ ನಿಲ್ಲುತ್ತದೆ, ಒದ್ದೆ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಹನಿಗೆ ಒಂದು ಅಭ್ಯಾಸ. ಮೀಟರು ತೋರಿಸಿದ್ದನ್ನು ಮೊದಲು ಈ ಚೌಕದ ಮೇಲೆ ಬರೆಯುವುದು, ಆಮೇಲೆ ಪುಸ್ತಕದಲ್ಲಿ.

ಚೌಕದ ಮೇಲೆ ನಾಲ್ಕು ಸಾಲಿತ್ತು. ಹನ್ನೆರಡನೇ ತಾರೀಕು. ಡ್ಯುಟೀರಿಯಂ ಫಾರ್ಮಿಕ್. ಸಾದಾ ನೀರು. 3.78.

ಹನಿ ಓದಿದಳು. ಇನ್ನೊಮ್ಮೆ ಓದಿದಳು. ಎರಡು ವಾರದಿಂದ ಅತ್ತು ಅತ್ತು ಒಣಗಿದ್ದ ಕಣ್ಣಿನಲ್ಲಿ ಮತ್ತೆ ನೀರು ತುಂಬಿತು.

"ನಾನು ಹೇಳ್ತಾನೇ ಇದ್ದೆ ದೊಡ್ಡಮ್ಮ. ನಾಲ್ಕು ಪಾಯಿಂಟ್ ಒಂದು ಎಂಟು ಅಂತ ನಾನು ಪುಸ್ತಕದಲ್ಲಿ ಬರೆದೇ ಇಲ್ಲ. ಅಕ್ಷರ ನಂದೇ ಥರ ಇದೆ, ಅಂಕಿ ನಂದಲ್ಲ ಅಂದ್ರೆ ಎಲ್ಲಾರೂ ನಕ್ಕರು."

ಅದೇ ಹನ್ನೆರಡನೇ ತಾರೀಕು ಸಂಜೆ ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡ ಮೇಡಂ ಉಗ್ರಾಣದ ಕಬ್ಬಿಣದ ಮೆಟ್ಟಿಲಿನಿಂದ ಬಿದ್ದು ಸತ್ತಿದ್ದರು. ಪೊಲೀಸರು ಕಾಲು ಜಾರಿತೆಂದು ಬರೆದು ಕೈ ತೊಳೆದುಕೊಂಡರು. ಸತ್ತವರು ಬಾಯಿ ಬಿಡುವುದಿಲ್ಲವಲ್ಲ, ವಾರ ಕಳೆಯುವುದರೊಳಗೆ ಅವರ ಕೆಲಸವೆಲ್ಲ ಬೊಗಳೆ, ಸುಳ್ಳು ಅಂಕಿ ಹುಟ್ಟಿಸಿದವಳು ಹನಿ ಎಂದು ಸಂಸ್ಥೆ ಒಂದು ಸಮಿತಿ ಕೂರಿಸಿತು. ಆ ಸಮಿತಿ ಇವತ್ತು ನಾಲ್ಕು ಗಂಟೆಗೆ ಸಹಿ ಹಾಕುತ್ತದೆ. ಸಹಿ ಬಿದ್ದರೆ ಈ ಹುಡುಗಿಯನ್ನು ಇನ್ನು ಯಾವ ಪ್ರಯೋಗಾಲಯದವರೂ ಹೊಸ್ತಿಲು ದಾಟಲು ಬಿಡುವುದಿಲ್ಲ.

ಈ ಅನ್ಯಾಯ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಆ ಅಂಕಿ ಎಷ್ಟು ಚಿಕ್ಕದೆಂದು ತಿಳಿಯಬೇಕು.

ಇರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದು ಫಾರ್ಮಿಕ್ ಆಮ್ಲ. ಅದರಲ್ಲಿ ಎರಡು ಹೈಡ್ರೋಜನ್. ಒಂದು ಇಂಗಾಲಕ್ಕೆ ಅಂಟಿಕೊಂಡು ತೆಪ್ಪಗೆ ಕೂತಿರುತ್ತದೆ. ಇನ್ನೊಂದು ನೀರು ಕಂಡರೆ ಮನೆ ಬಿಟ್ಟು ಹೊರಡುತ್ತದೆ, ಆಮ್ಲದ ಹುಳಿಯೆಲ್ಲ ಅದರದ್ದೇ. ತೆಪ್ಪಗೆ ಕೂತದ್ದನ್ನು ಎಬ್ಬಿಸಿ, ಆ ಜಾಗದಲ್ಲಿ ಅದರ ಎರಡು ಪಟ್ಟು ತೂಕದ ಅವಳಿಯನ್ನು, ಅಂದರೆ ಡ್ಯುಟೀರಿಯಂ ಅನ್ನು ಕೂರಿಸಿದರೆ, ಹೊರಡುವುದರ ಮನಸ್ಸು ಬದಲಾಗುತ್ತದೆಯೇ? ದೊಡ್ಡ ಮೇಡಂ ಹಿಡಿದ ಪ್ರಶ್ನೆ ಇದು. ಬದಲಾಗುತ್ತದೆ, ಕೂದಲೆಳೆಯಷ್ಟು. ಹೊರಡಲು ಕೊಂಚ ಹಿಂದೇಟು ಹಾಕುತ್ತದೆ, ಆಮ್ಲ ಕೊಂಚ ದುರ್ಬಲವಾಗುತ್ತದೆ. ಮೀಟರಿನ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ಆಮ್ಲ ದುರ್ಬಲ. ಸಾದಾ ಆಮ್ಲಕ್ಕೆ 3.75 ಬಂದರೆ ಇದಕ್ಕೆ 3.78. ಒಂದನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರು, ಅಷ್ಟೇ.

ಆ ಮೂರು ಪಾಲು ಹಿಡಿಯಲು ಹನಿ ಹದಿನಾಲ್ಕು ತಿಂಗಳು ಒಂದೇ ಕುರ್ಚಿಯಲ್ಲಿ ಕೂತಿದ್ದಳು. ಸಮಿತಿಯ ಮುಂದಿದ್ದ ಅವಳ ಪುಸ್ತಕದ ಅರವತ್ತೊಂದನೆಯ ಪುಟದಲ್ಲಿ ಮಾತ್ರ ಇದ್ದದ್ದು 4.18. ವ್ಯತ್ಯಾಸ ಮೂರು ಪಾಲಲ್ಲ, ನಲವತ್ತಮೂರು. ಅಷ್ಟು ವ್ಯತ್ಯಾಸ ಬರುವುದೆಂದರೆ ಇರುವೆ ತಾನು ಆನೆ ಎಂದು ಹೇಳಿಕೊಂಡ ಹಾಗೆ. ಹೆಸರು ಮಾಡಲು ಸುಳ್ಳು ಬರೆದಳು ಎಂದರು.

"ಎಷ್ಟು ಜಾಸ್ತಿ ಬರೆದಿದ್ದಾರೆ ನೋಡು" ಎಂದರು ದೊಡ್ಡಮ್ಮ. "ಕಳೆ."

ಹನಿ ಕಳೆದಳು. ಕಣ್ಣು ಅಗಲವಾಯಿತು. "ಪಾಯಿಂಟ್ ನಾಲ್ಕು. ಸರಿಯಾಗಿ ಪಾಯಿಂಟ್ ನಾಲ್ಕು ದೊಡ್ಡಮ್ಮ! ಅದು ಭಾರಜಲದ ತಿದ್ದುಪಡಿ!"

ದೊಡ್ಡಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೀಟರಿನ ತುದಿಯಲ್ಲಿರುವುದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಗಾಜಿನ ಬಲ್ಬು. ಸಾದಾ ನೀರಿನಲ್ಲಿ ಅದ್ದಿದರೆ ನಿಜ ಹೇಳುತ್ತದೆ. ನೀರೇ ಡ್ಯುಟೀರಿಯಮ್ಮಿನದಾಗಿದ್ದರೆ, ಅಂದರೆ ಭಾರಜಲವಾಗಿದ್ದರೆ, ಪಾಯಿಂಟ್ ನಾಲ್ಕರಷ್ಟು ಕಡಿಮೆ ಹೇಳುತ್ತದೆ. ಆಗ ನಾವೇ ಕೂಡಿಸಿಕೊಳ್ಳಬೇಕು.

"ಆದ್ರೆ ಇಲ್ಲಿ ಸಾದಾ ನೀರು ಅಂತ ಬರೆದಿದೀಯಲ್ಲೇ."

"ಅದೇ ಮತ್ತೆ! ಡ್ಯುಟೀರಿಯಂ ಇರೋದು ಆಮ್ಲದ ಇಂಗಾಲದ ಮೇಲೆ. ಅದು ಅಲ್ಲಿಂದ ಅಲ್ಲಾಡಲ್ಲ, ನೀರಿಗೆ ಇಳಿಯಲ್ಲ. ಬಲ್ಬಿಗೆ ಗೊತ್ತಾಗೋದು ಸುತ್ತ ಇರೋ ನೀರು ಮಾತ್ರ. ಕೂಡಿಸೋ ಹಾಗೇ ಇಲ್ಲ."

"ಹಾಗಾದ್ರೆ ಆ ಪುಟ ಬರೆದೋರಿಗೆ ಕೂಡಿಸ್ಬೇಕು ಅನ್ನೋದು ಗೊತ್ತು, ಯಾಕೆ ಅನ್ನೋದು ಗೊತ್ತಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

"ಒಂದು ಪುಟಕ್ಕೋಸ್ಕರ ಇಷ್ಟು ಪಾಡು ಯಾಕೆ ಪಟ್ರು ಅಂತ?" ಎಂದರು ದೊಡ್ಡಮ್ಮ. "ಅದರಲ್ಲಿ ಬೇರೇನಿತ್ತು?"

"ಕೆಳಗಡೆ ಮೇಡಂ ಕೆಂಪು ಶಾಯೀಲಿ ಎರಡು ಸಾಲು ಬರೆದಿದ್ರು. ಹನ್ನೆರಡನೇ ತಾರೀಕು ಮಧ್ಯಾಹ್ನ. ನಾನು ಓದೋಕೆ ಮುಂಚೆ ಪುಸ್ತಕ ಮುಚ್ಚಿ ತಗೊಂಡು ಹೋದ್ರು. ಮುಖ ಕೆಂಪಗಾಗಿತ್ತು. ಈಗಿರೋ ಪುಟದಲ್ಲಿ ಆ ಸಾಲೇ ಇಲ್ಲ."

ಅಂದರೆ ಯಾರಿಗೋ ಆ ಎರಡು ಸಾಲು ಬೇಡವಾಗಿತ್ತು. ಅದಕ್ಕಾಗಿ ಪುಟವನ್ನೇ ಕಿತ್ತು, ಹೊಸ ಹಾಳೆ ಕೂರಿಸಿ, ಅಂಕಿಗಳನ್ನು ಮತ್ತೆ ಬರೆದಿದ್ದರು. ಬರೆಯುವಾಗ ತಮ್ಮ ಬುದ್ಧಿವಂತಿಕೆಯನ್ನೂ ಸ್ವಲ್ಪ ಸೇರಿಸಿದ್ದರು. ಆ ಬುದ್ಧಿವಂತಿಕೆಗೆ ಬೆಲೆ ತೆತ್ತದ್ದು ಹನಿ.

"ಅಕ್ಕಾ, ಟೀ."

ಬಾಗಿಲಲ್ಲಿ ಮೀಟರಣ್ಣ. ಸಂಸ್ಥೆಯ ಮೀಟರುಗಳನ್ನೆಲ್ಲ ನೋಡಿಕೊಳ್ಳುವ ಮೆಕ್ಯಾನಿಕ್. ಒಂದು ಕೈಯಲ್ಲಿ ಫ್ಲಾಸ್ಕು, ಹೆಗಲ ಮೇಲೆ ಯಾವಾಗಲೂ ಇರುವ ಒದ್ದೆ ಬಟ್ಟೆ. ಈ ಎರಡು ವಾರ ಹನಿಯ ಜೊತೆ ಮಾತಾಡಲು ಎಲ್ಲರೂ ಹೆದರುತ್ತಿದ್ದಾಗ ದಿನಕ್ಕೆರಡು ಸಲ ಬಂದು ಟೀ ಕೊಟ್ಟು ಹೋಗುತ್ತಿದ್ದವನು ಇವನೊಬ್ಬನೇ. ಬಂದವನು ಸುಮ್ಮನೆ ನಿಲ್ಲುವ ಪೈಕಿಯಲ್ಲ. ಕೈಗೆ ಸಿಕ್ಕಿದ ಗಾಜನ್ನೆಲ್ಲ ಒರೆಸುತ್ತಾನೆ. ಈಗಲೂ ದೊಡ್ಡಮ್ಮನ ಕನ್ನಡಕ ಎತ್ತಿಕೊಂಡು ಒರೆಸಿದ, ಕೆಳಗಿಟ್ಟ, ಪಾತ್ರೆಗೆ ಕೈ ಹಾಕಿದ.

"ಮುಟ್ಟಬೇಡ!"

ಕಿರುಚಿದ ರಭಸಕ್ಕೆ ಮೀಟರಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯೋ ಅಕ್ಕಾ, ಧೂಳಿತ್ತು."

"ಆ ಧೂಳೇ ನಮ್ಮ ಹುಡುಗಿ ಪ್ರಾಣ ಕಣಪ್ಪಾ. ನೋಡು, ಓದು."

ಅವನು ಬಗ್ಗಿ ಓದಿದ. ಮುಖ ಅರಳಿತು. "ಮೂರು ಪಾಯಿಂಟ್ ಏಳು ಎಂಟು! ಹೌದು ಹನಿ, ನಾನೂ ಅಲ್ಲೇ ಇದ್ದೆನಲ್ಲ ಅವತ್ತು, ವೈರು ಬದಲಾಯಿಸ್ತಾ. ಮೀಟರಲ್ಲಿ ಇದೇ ಬಂದಿತ್ತು, ನನ್ನ ಕಣ್ಣಾರೆ ನೋಡಿದೀನಿ. ಅಕ್ಕಾ, ನಾನು ಸಮಿತಿ ಮುಂದೆ ಹೇಳ್ತೀನಿ. ಏನು ಬೇಕಾದ್ರೂ ಆಗ್ಲಿ, ಹೇಳೇ ಹೇಳ್ತೀನಿ."

ಹನಿ ಅವನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ದೊಡ್ಡಮ್ಮ ಅವನ ಬೆನ್ನು ತಟ್ಟಿದರು. ಆದರೂ ಪಾಯಿಂಟ್ ನಾಲ್ಕರ ಮಾತನ್ನು ಅವರು ಎತ್ತಲಿಲ್ಲ, ಹನಿಗೂ ಕಣ್ಣಲ್ಲೇ ಬೇಡವೆಂದರು. ಅದು ಒಬ್ಬರ ಮುಖದ ಮೇಲೆ ಎಸೆಯಲೆಂದು ಇಟ್ಟುಕೊಂಡ ಮಾತು.

ಆ ಒಬ್ಬರು ಉಪಮುಖ್ಯಸ್ಥರು. ಅಂಗಿಯ ಮಡಿಕೆ ಒಂದಿಷ್ಟೂ ಕೆಡದ ಅವರಿಗೆ ಹಿಂದಿನಿಂದ ಎಲ್ಲರೂ ಅನ್ನುವುದು ಇಸ್ತ್ರಿ ಸಾಹೇಬರು. ದೊಡ್ಡ ಮೇಡಂ ಹೋದ ಐದನೇ ದಿನಕ್ಕೆ ಅವರ ಕೋಣೆಗೆ ಸೇರಿಕೊಂಡಿದ್ದರು. ಬೀರುವಿನ ಬೀಗದ ಕೈ ಅವರ ಹತ್ತಿರ, ಪುಸ್ತಕ ಅವರ ಹತ್ತಿರ, ಸಮಿತಿ ನಡೆಸುವವರೂ ಅವರೇ. ಇನ್ನು ಯಾರನ್ನು ಅನುಮಾನಿಸಬೇಕು?

ಬಾಗಿಲಿಗೆ ಹೊಸ ಹೆಸರಿನ ಫಲಕ ಬಿದ್ದಿತ್ತು. ಹಳೆಯದು ಕೆಳಗೆ, ಗೋಡೆಗೆ ಮುಖ ಮಾಡಿ ಒರಗಿತ್ತು. ದೊಡ್ಡಮ್ಮ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಹೆಸರು ಕಾಣುವ ಹಾಗೆ ತಿರುಗಿಸಿ ನಿಲ್ಲಿಸಿ, ಆಮೇಲೆ ಒಳಗೆ ಹೋದರು.

"ನಾಲ್ಕು ಗಂಟೆಗೆ ಸಮಿತಿ ಇದೆಯಮ್ಮ. ಈಗ ಬಂದ್ರೆ ಹೇಗೆ?"

"ಅದಕ್ಕೇ ಮೂರಕ್ಕೆ ಬಂದೆ."

ಪಾತ್ರೆಯನ್ನು ಮೇಜಿನ ಮೇಲಿಟ್ಟು, ಚೌಕ ಅವರ ಕಡೆಗೆ ಬರುವಂತೆ ತಿರುಗಿಸಿದರು. ಇಸ್ತ್ರಿ ಸಾಹೇಬರು ಬಗ್ಗಿ ಓದಿದರು. ನೆಟ್ಟಗೆ ಕೂತು ಸೂರು ನೋಡಿದರು. ತುಟಿ ಒಂದಿಷ್ಟೇ ಅಲ್ಲಾಡಿತು.

"ಏನು ಕಳೆದ್ರಿ?"

"ಏನಿಲ್ಲ."

"ನಾಲ್ಕು ಪಾಯಿಂಟ್ ಒಂದು ಎಂಟರಿಂದ ಇದನ್ನ ಕಳೆದ್ರಿ. ಎಷ್ಟು ಉಳೀತು?"

"ನೋಡಿಯಮ್ಮ, ನೀವು ಗಾಜು ಊದೋರು. ಇದೆಲ್ಲ ನಿಮಗೆ..."

"ನಿಮ್ಮ ಮೀಟರಿನ ತುದೀಲಿರೋದೂ ಗಾಜೇ ಸ್ವಾಮಿ. ಎಷ್ಟು ಉಳೀತು ಹೇಳಿ."

"ಪಾಯಿಂಟ್ ನಾಲ್ಕು."

"ಅರವತ್ತೊಂದನೇ ಪುಟ ಬರೆದಿದ್ದು ನೀವು."

ಇಸ್ತ್ರಿ ಸಾಹೇಬರು ನಕ್ಕರು. ಬೆದರಿದವರ ನಗು ಅಲ್ಲ ಅದು, ನಿಜವಾದ ನಗು. ದೊಡ್ಡಮ್ಮನಿಗೆ ಅದೇ ಹೆಚ್ಚು ಉರಿ ತರಿಸಿತು.

"ನನ್ನ ಕಳ್ಳ ಅನ್ನಿ, ಕಟುಕ ಅನ್ನಿ, ನಿಮ್ಮಿಷ್ಟ. ಸಾದಾ ನೀರಿಗೆ ಪಾಯಿಂಟ್ ನಾಲ್ಕು ಕೂಡಿಸುವಷ್ಟು ದಡ್ಡ ಅಂತ ಮಾತ್ರ ಅನ್ಬೇಡಿ. ಅದು ಭಾರಜಲಕ್ಕೆ. ಇಂಗಾಲದ ಮೇಲಿರೋ ಡ್ಯುಟೀರಿಯಂ ತನ್ನ ಪಾಡಿಗೆ ತಾನಿರುತ್ತೆ, ಬಲ್ಬಿಗೂ ಅದಕ್ಕೂ ಏನು ಸಂಬಂಧ? ಆ ಪುಟ ನೋಡಿದ ದಿನಾನೇ ನನಗೆ ಗೊತ್ತಾಯ್ತು, ಇದು ಯಾರೋ ತಿಳೀದೆ ಮಾಡಿದ ತಿದ್ದುಪಡಿ ಅಂತ."

ದೊಡ್ಡಮ್ಮನಿಗೆ ಮೊದಲು ಅನ್ನಿಸಿದ್ದು ನಿರಾಸೆ. ಈ ಮನುಷ್ಯ ಹೇಳುತ್ತಿರುವುದು ನಿಜ. ಹೀಗೆ ಥಟ್ಟನೆ ಕಾರಣ ಹೇಳಬಲ್ಲವನು ಆ ತಪ್ಪು ಮಾಡುವುದಿಲ್ಲ. ಇಷ್ಟು ದಿನ ಇವರ ಮೇಲೆ ಕೂಡಿಟ್ಟ ಸಿಟ್ಟೆಲ್ಲ ದಾರಿ ತಪ್ಪಿದ ಸಿಟ್ಟು. ಆಮೇಲೆ, ಕೊನೆಯ ಮಾತು ನಿಧಾನವಾಗಿ ಒಳಗಿಳಿಯಿತು.

"ಏನಂದ್ರಿ? ನೋಡಿದ ದಿನಾನೇ ಗೊತ್ತಾಯ್ತಾ?"

ಇಸ್ತ್ರಿ ಸಾಹೇಬರು ತೋಳಿನ ಗುಂಡಿ ಸರಿಮಾಡಿಕೊಂಡರು.

"ಗೊತ್ತಿದ್ದೂ ಅವಳನ್ನ ಸುಳ್ಳುಗಾತಿ ಅಂದ್ರಾ? ಎರಡು ವಾರ ಆ ಮಗು ಅನ್ನ ಬಿಟ್ಟು ಕೂತಿದೆ. ನನ್ನ ತಂಗಿ ನೆಂಟರಿಗೆ ಮುಖ ತೋರ್ಸೋಕಾಗ್ದೆ ಬಾಗಿಲು ಹಾಕ್ಕೊಂಡಿದಾಳೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ?"

"ಸಮಿತಿ ನನ್ನ ಕೇಳಿದ್ದು ಅಂಕಿ ಸರಿಯೋ ತಪ್ಪೋ ಅಂತ. ತಪ್ಪು ಅಂದೆ. ಯಾಕೆ ತಪ್ಪು ಅಂತ ಯಾರೂ ಕೇಳ್ಲಿಲ್ಲ."

"ಕೇಳದಿದ್ರೆ ಹೇಳಲ್ವಾ?"

"ಕೇಳಿದ್ದಕ್ಕೆ ಉತ್ತರ ಕೊಡೋದು ನನ್ನ ಕೆಲಸ."

ದೊಡ್ಡಮ್ಮ ಎರಡೂ ಕೈಯನ್ನು ಮೇಜಿನ ಮೇಲೆ ಊರಿದರು. ಉರಿ ತಾಗಿ ತಾಗಿ ಬೆರಳುಗಳ ತುದಿ ಗಡುಸಾಗಿದ್ದ ಕೈ.

"ನಾನು ಒಂದು ಪಾತ್ರೆ ಮಾಡಿದ್ರೆ, ಅದರಲ್ಲಿ ಸೀಳಿದೆ ಅಂತ ಗೊತ್ತಾದ್ರೆ, ಯಾರೂ ಕೇಳದಿದ್ರೂ ಹೇಳ್ತೀನಿ. ಯಾಕೆ ಗೊತ್ತಾ? ನಾಳೆ ಅದನ್ನ ಹಿಡಿಯೋ ಕೈ ಯಾವುದೋ ಹುಡುಗೀದು. ಅವಳ ಮೇಲೆ ಆಮ್ಲ ಚೆಲ್ಲುತ್ತೆ. ಇಷ್ಟು ದೊಡ್ಡ ಕೋಣೆ, ಇಷ್ಟು ದೊಡ್ಡ ಕುರ್ಚಿ ಬೇಕಾಯ್ತು ನಿಮಗೆ. ಇಷ್ಟೂ ಗೊತ್ತಾಗ್ಲಿಲ್ವಾ? ಮೇಡಂ ಹೋದ್ರು, ಅವರ ಕೈಯಲ್ಲಿ ಬೆಳೆದ ಹುಡುಗೀನೂ ಹೋದ್ರೆ ಈ ಕೋಣೇಲಿ ನಿಮ್ಮನ್ನ ಕೇಳೋರಿರಲ್ಲ ಅಂತ ತಾನೆ? ಥೂ! ತಪ್ಪು ಬರೆದೋನು ತಿಳೀದೆ ಬರೆದ. ತಿಳಿದೂ ಬಿಟ್ಟ ನಿಮಗೆ ಏನನ್ನಬೇಕು?"

ಇಸ್ತ್ರಿ ಸಾಹೇಬರ ಮುಖ ಮೊದಲ ಬಾರಿಗೆ ಸುಕ್ಕಾಯಿತು. ಆದರೆ ದನಿ ಏರಲಿಲ್ಲ.

"ಕೂಗಾಡಿ ಪ್ರಯೋಜನ ಇಲ್ಲಮ್ಮ. ಈ ಪಾತ್ರೆ ಹದಿನೇಳು ದಿನ ನಿಮ್ಮ ಕೋಣೇಲಿತ್ತು. ನೀವು ಅವಳ ದೊಡ್ಡಮ್ಮ. ಚೌಕದ ಮೇಲೆ ನೀವೇ ಬರೆದ್ರಿ ಅಂತಾರೆ. ಅವತ್ತು ಅಲ್ಲಿದ್ದೋರು, ನಿಮ್ಮ ಸಂಬಂಧಿ ಅಲ್ಲದೋರು ಒಬ್ರು ಬಂದು ನೋಡಿದೀನಿ ಅನ್ಬೇಕು."

"ಇದಾರೆ. ಬರ್ತಾರೆ."

"ಬರ್ಲಿ." ಕಾಗದಗಳನ್ನು ಜೋಡಿಸುತ್ತ, ಬೇಡದ ವಿಷಯ ಹೇಳುವವರಂತೆ ಸೇರಿಸಿದರು, "ಅವತ್ತು ಮೇಡಂ ಹತ್ರ ನಾನು ಜಗಳ ಆಡಿದೆ ಅಂತ ನೀವೆಲ್ಲ ಮಾತಾಡ್ಕೋತಿದೀರಂತೆ. ಜಗಳ ಅಲ್ಲ. ಮೀಟರುಗಳ ತಪಾಸಣೆ ಫೈಲು ಎಲ್ಲಿ ಅಂತ ನನ್ನ ಮೇಲೆ ರೇಗಿದ್ರು. ನನಗೇನು ಗೊತ್ತು? ಉಗ್ರಾಣದಲ್ಲಿ ಹುಡುಕಿ ಅಂದೆ."

ದೊಡ್ಡಮ್ಮನ ತಲೆಯಲ್ಲಿ ಆಗ ಸಿಟ್ಟನ್ನು ಬಿಟ್ಟು ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಪಾತ್ರೆ ಎತ್ತಿಕೊಂಡು ಹೊರಟರು.

ನಾಲ್ಕಕ್ಕೆ ಐದು ನಿಮಿಷ. ಸಮಿತಿ ಕೋಣೆಯ ಬಾಗಿಲಿನ ಮೇಲ್ಭಾಗದಲ್ಲಿ ಅಂಗೈ ಅಗಲದ ಒಂದು ಗಾಜು. ಅದರೊಳಗಿಂದ ಉದ್ದ ಮೇಜು ಕಾಣುತ್ತಿತ್ತು. ಒಂದು ತುದಿಯಲ್ಲಿ ಹನಿ, ಇನ್ನೊಂದು ತುದಿಯಲ್ಲಿ ಇಸ್ತ್ರಿ ಸಾಹೇಬರು, ನಡುವೆ ಮೂವರು ಹಿರಿಯರು. ಆರೋಪ ಹೊತ್ತವರು ಮತ್ತು ಕರೆದ ಸಾಕ್ಷಿಗಳನ್ನು ಬಿಟ್ಟು ಯಾರಿಗೂ ಒಳಗೆ ಪ್ರವೇಶವಿಲ್ಲ ಎಂದು ಅಟೆಂಡರ್ ಮೂರು ಸಲ ಹೇಳಿದ್ದ. ಒಂದು ಫೋಟೋ ತೆಗೆದಿಟ್ಟುಕೊಳ್ಳೋಣವೆಂದರೆ, ಫೋನುಗಳನ್ನೆಲ್ಲ ಗೇಟಿನಲ್ಲೇ ಪೆಟ್ಟಿಗೆಗೆ ಹಾಕಿ ಬರಬೇಕಾದ ಸಂಸ್ಥೆ ಅದು.

ಮೀಟರಣ್ಣ ಬಂದ. ತಲೆ ಬಾಚಿದ್ದ, ಒಗೆದ ಅಂಗಿ ಹಾಕಿದ್ದ. ಹೆಗಲ ಮೇಲೆ ಬಟ್ಟೆ ಮಾತ್ರ ಹಾಗೇ ಇತ್ತು.

"ಕೊಡಿ ಅಕ್ಕಾ, ನಾನು ತಗೊಂಡು ಹೋಗ್ತೀನಿ."

ದೊಡ್ಡಮ್ಮ ಪಾತ್ರೆಯನ್ನು ಎಳೆಗೂಸನ್ನು ಕೊಡುವ ಹಾಗೆ ಕೊಟ್ಟರು. "ಕೆಳಗಡೆ ಹಿಡ್ಕೋ. ಚೌಕ ಮುಟ್ಟಬೇಡ. ಒರೆಸೋ ಚಟ ಇವತ್ತೊಂದಿನ ಬಿಡು ಮಾರಾಯ."

"ಅಯ್ಯೋ, ನನಗೆ ಗೊತ್ತಿಲ್ವಾ?" ಜೇಬಿನಿಂದ ಮಡಿಸಿದ ಹಾಳೆ ತೆಗೆದ. "ಅವರಿಗೆ ಅರ್ಥ ಆಗ್ಲಿ ಅಂತ ಲೆಕ್ಕ ನೀಟಾಗಿ ಬರ್ಕೊಂಡು ಬಂದಿದೀನಿ. ಅವರಿಗೊಂದು, ನಿಮಗೊಂದು. ನೋಡಿ, ಹನಿ ಬರೆದಿದ್ದು ಸುಳ್ಳಲ್ಲ ಅಂತ ಹತ್ತೇ ನಿಮಿಷದಲ್ಲಿ ತೋರಿಸ್ತೀನಿ."

"ಮೀಟರ್ ಮೆಕ್ಯಾನಿಕ್ ಬನ್ನಿ" ಎಂದು ಅಟೆಂಡರ್ ಕೂಗಿದ.

ದೊಡ್ಡಮ್ಮ ಕನ್ನಡಕ ಏರಿಸಿ ಹಾಳೆ ಬಿಡಿಸಿದರು. ಅಚ್ಚುಕಟ್ಟಾದ ಗೆರೆ, ಮುದ್ದಾದ ಅಂಕಿ. ಡ್ಯುಟೀರಿಯಂ ಫಾರ್ಮಿಕ್. ಸಾದಾ ನೀರು. ಮೀಟರ್ ತೋರಿಸಿದ್ದು 3.78. ಕೂಡಿಸಬೇಕಾದ್ದು 0.40. ಸರಿಯಾದ ಉತ್ತರ 4.18.

ಕೆಳಗೆ ಎರಡು ಗೆರೆ ಎಳೆದಿತ್ತು.

ಅವರ ಬೆರಳು 0.40ರ ಮೇಲೆ ನಿಂತಿತು. ಈ ಲೆಕ್ಕವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಧ್ಯಾಹ್ನ ಅವನೆದುರು ಪಾಯಿಂಟ್ ನಾಲ್ಕರ ಮಾತೇ ಬಂದಿರಲಿಲ್ಲ.

"ತಮ್ಮಾ." ಅವನು ಆಗಲೇ ಬಾಗಿಲಿನತ್ತ ಹೊರಟಿದ್ದ. ಮತ್ತೆ ಕರೆದರು. "ತಮ್ಮಾ, ಸಾದಾ ನೀರಿಗೂ ಕೂಡಿಸ್ತೀಯಾ?"

ಮೀಟರಣ್ಣ ಹೊಸ್ತಿಲಲ್ಲಿ ತಿರುಗಿದ. "ಮತ್ತೆ? ಡ್ಯುಟೀರಿಯಂ ಅಲ್ವಾ ಅಕ್ಕಾ. ಹತ್ತೊಂಬತ್ತು ವರ್ಷದಿಂದ ನಾನು ಹಾಗೇ ಕೂಡಿಸ್ಕೊಂಡು ಬಂದಿದೀನಿ. ಯಾಕೆ, ಕೂಡಿಸ್ಬಾರದಾ?"

ಕೇಳಿದವನು ಉತ್ತರಕ್ಕಾಗಿ ಅವರ ಮುಖ ನೋಡಿದ. ನೋಡುತ್ತಲೇ ಇದ್ದ. ಅವನ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಮೀಟರಣ್ಣನೇ ಬರೆದಿಡಬೇಕಾದ ತಪಾಸಣೆ ಫೈಲು, ಅದನ್ನು ಹುಡುಕಿ ಮೇಡಂ ಹೋದ ಉಗ್ರಾಣ, ಕಬ್ಬಿಣದ ಮೆಟ್ಟಿಲು, ಕೆಂಪು ಶಾಯಿಯ ಎರಡು ಸಾಲು. ದೊಡ್ಡಮ್ಮನ ತಲೆಯಲ್ಲಿ ಎಲ್ಲ ಒಂದರ ಹಿಂದೊಂದು ಬಂದು ನಿಂತವು, ಮತ್ತು ಹೀಗೆ ಬಂದು ನಿಂತದ್ದು ಅವನಿಗೆ ಕಾಣುತ್ತಿದೆ ಎಂಬುದೂ ಅವರಿಗೆ ತಿಳಿಯಿತು.

"ಪಾತ್ರೆ ಕೊಡು ಇಲ್ಲಿ."

"ಕರೀತಿದಾರೆ ಅಕ್ಕಾ" ಎಂದ ಮೀಟರಣ್ಣ, ಮೆಲ್ಲಗೆ. ಒಳಗೆ ಹೋದ. ಅಟೆಂಡರ್ ಬಾಗಿಲೆಳೆದು ಚಿಲಕ ಹಾಕಿದ.

ಎರಡು ವಾರ ಟೀ ಕುಡಿಸಿದ ಕೈ! ಹನಿಯ ಕಣ್ಣೀರು ನೋಡಿ ನೋಡಿ ಮತ್ತೊಂದು ಲೋಟ ಬಗ್ಗಿಸಿದ ಕೈ. ದೊಡ್ಡಮ್ಮನಿಗೆ ಮೈಯೆಲ್ಲ ಉರಿದು ಹೋಯಿತು. ಬಾಗಿಲ ಗಾಜಿಗೆ ಮುಖ ಒತ್ತಿದರು.

ಒಳಗೆ ಹನಿ ಮೀಟರಣ್ಣನನ್ನು ಕಂಡು ನಕ್ಕಳು. ಎಷ್ಟೋ ದಿನದ ಮೇಲೆ ಕಂಡ ನಗು. ಅವನು ಪಾತ್ರೆಯನ್ನು ಮೇಜಿನ ಮೇಲೆ ಹುಷಾರಾಗಿ ಇಟ್ಟ. ಹಿರಿಯರಿಗೆ ಕೈ ಮುಗಿದ. ಆಮೇಲೆ ಬಾಗಿಲ ಗಾಜಿನ ಕಡೆಗೆ, ದೊಡ್ಡಮ್ಮನ ಕಣ್ಣಿಗೇ ಕಣ್ಣಿಟ್ಟು ನೋಡಿದ. ಹೆಗಲ ಮೇಲಿನ ಒದ್ದೆ ಬಟ್ಟೆ ತೆಗೆದ. ದಿನವೂ ಕಂಡಕಂಡ ಗಾಜನ್ನೆಲ್ಲ ಒರೆಸುವವನು ಹೇಗೆ ಒರೆಸುತ್ತಾನೋ ಹಾಗೆಯೇ, ಮಸುಕು ಚೌಕವನ್ನು ಎರಡು ಸಲ ಉಜ್ಜಿ ಒರೆಸಿದ.

ಹನಿಯ ನಗು ಹಾಗೇ ನಿಂತಿತು. ಅವಳಿಗೆ ಇನ್ನೂ ಏನಾಯಿತೆಂದೇ ಹೊಳೆದಿರಲಿಲ್ಲ.

ದೊಡ್ಡಮ್ಮ ಎರಡೂ ಕೈಯಿಂದ ಬಾಗಿಲು ಬಡಿದರು. "ತೆಗೀರಿ! ಅವನೇ ಬರೆದಿದ್ದು, ಅವನ ಕೈಬರಹ ನನ್ನ ಹತ್ರ ಇದೆ! ತೆಗೀರಿ ಬಾಗ್ಲು!"

"ಮಧ್ಯೆ ತೆಗೆಯೋ ಹಾಗಿಲ್ಲಮ್ಮ" ಎಂದು ಅಟೆಂಡರ್ ಅವರ ತೋಳು ಹಿಡಿದ. "ಸಹಿ ಆದ್ಮೇಲೆ ಮಾತಾಡಿ."

ಒಳಗಿದ್ದವರಲ್ಲಿ ಆ ಚೌಕದ ಮೇಲಿದ್ದ ಅಂಕಿಯನ್ನು ಇವತ್ತು ಓದಿದ್ದು, ಒರೆಸಿದವನನ್ನೂ ಹನಿಯನ್ನೂ ಬಿಟ್ಟರೆ ಇನ್ನೊಬ್ಬರೇ. ಇಸ್ತ್ರಿ ಸಾಹೇಬರು ಒಮ್ಮೆ ಪಾತ್ರೆಯನ್ನು ನೋಡಿದರು, ಒಮ್ಮೆ ಬಾಗಿಲ ಗಾಜಿನಾಚೆಯ ಮುಖವನ್ನು ನೋಡಿದರು. ಕಾಗದವನ್ನು ಹತ್ತಿರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಯಾರೂ ಅವರನ್ನು ಏನೂ ಕೇಳಲಿಲ್ಲ.